ಬಾಕಿ ಪಟ್ಟಿಯ ಪುಟ ಎಲ್ಲಿದೆ? ಮುಖ್ಯಮಂತ್ರಿಗಳಿಗೆ ಕೋಲಾರ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ
ಡಿಸೆಂಬರ್ 2025

ಮಾನ್ಯ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರಿಗೆ ನಮಸ್ಕಾರಗಳು.

ನಾನು ಖಜಾನೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಬಿಲ್ಲುಗಳ ಮೇಲೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು, ಬೈಸಿಕೊಂಡು, ನಿವೃತ್ತನಾದವನು. ಈಗ ಎರಡೂವರೆ ಎಕರೆ ಮಾವಿನ ತೋಪು ನೋಡಿಕೊಂಡಿದ್ದೇನೆ. ಊರಿನವರಿಗೆ ಮಾತ್ರ ನಾನು ಇನ್ನೂ 'ಟ್ರೆಜರಿ ಸಾರ್'. ಹಾಗಾಗಿ ಹೋದ ವಾರ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪ್ರಶ್ನೆ ನನ್ನ ಕಡೆಗೇ ತಿರುಗಿತು. "ಸರ್ಕಾರ ಪಾಪರ್ ಆಗಿದೆಯಂತಲ್ಲ ಸಾರ್, ನಿಜವೇನು?"

ಕೇಳಿದವನು ವಿರೋಧ ಪಕ್ಷದವನಲ್ಲ. ಸಣ್ಣ ಕಂಟ್ರಾಕ್ಟರ್ ಹತ್ತಿರ ಸೆಂಟ್ರಿಂಗ್ ಕೆಲಸಕ್ಕೆ ಹೋಗುವ ಹುಡುಗ. ಯಜಮಾನನಿಗೆ ಬಿಲ್ ಆಗಿಲ್ಲ, ಇವನಿಗೆ ಮೂರು ತಿಂಗಳ ಕೂಲಿಯಲ್ಲಿ ಅರ್ಧ ಬಂದಿಲ್ಲ. ಅವನಿಗೆ ನಾನು ಹೇಳಿದ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅದಕ್ಕೇ ಈ ಪತ್ರ.

ಅವನಿಗೆ ಹೇಳಿದ್ದು ಇಷ್ಟು: ಇಲ್ಲಪ್ಪ, ಪಾಪರ್ ಆಗಿಲ್ಲ. ಕಳೆದ ಮಾರ್ಚ್ 7ರಂದು ತಾವು ಮಂಡಿಸಿದ್ದು ತಮ್ಮ ಹದಿನಾರನೇ ಬಜೆಟ್, ಗಾತ್ರ 4,09,549 ಕೋಟಿ ರೂಪಾಯಿ. ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚು ಆದಾಯವನ್ನು ಮೀರಿದ್ದು, 19,262 ಕೋಟಿ. ಅದರ ಹಿಂದಿನ ವರ್ಷದ ಅಂದಾಜಿನಲ್ಲಿ ಇದ್ದದ್ದು 27,354 ಕೋಟಿ, ಅಂದರೆ ಸ್ವಲ್ಪ ಇಳಿದಿದೆ. ಹಿಮಾಚಲದಲ್ಲಿ 2024ರಲ್ಲಿ ಮುಖ್ಯಮಂತ್ರಿ ಮಂತ್ರಿಗಳೇ ಸಂಬಳ ಮುಂದಕ್ಕೆ ಹಾಕಿಕೊಂಡರು, ನೌಕರರ ಸಂಬಳವೂ ಒಂದನೇ ತಾರೀಕು ಆಗಲಿಲ್ಲ. ಇಲ್ಲಿ ನನ್ನ ಪಿಂಚಣಿ ಒಂದು ತಿಂಗಳೂ ತಪ್ಪಿಲ್ಲ. ಪಾಪರ್ ಚೀಟಿ ಹಿಡಿದ ಮನೆಯ ಲಕ್ಷಣ ಇದಲ್ಲ.

ಆದರೂ ಎರಡು ಅಂಕಿ ನನ್ನ ಹಳೆಯ ಕಣ್ಣಿಗೆ ಚುಚ್ಚುತ್ತವೆ. ವಿತ್ತೀಯ ಕೊರತೆ, ಅಂದರೆ ವರ್ಷದಲ್ಲಿ ಸಾಲ ಮಾಡಿ ತುಂಬಬೇಕಾದ ಒಟ್ಟು ಅಂತರ, ರಾಜ್ಯದ ಒಟ್ಟು ಉತ್ಪನ್ನದ ಶೇ. 2.95. ಒಟ್ಟು ಸಾಲ 7,64,655 ಕೋಟಿ, ಅಂದರೆ ಶೇ. 24.91. ನಮ್ಮದೇ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಗೆರೆಗಳು ಮೂರು ಮತ್ತು ಇಪ್ಪತ್ತೈದು. ದೇಶದಲ್ಲಿ ಇಂಥ ಕಾಯ್ದೆಯನ್ನು ಮೊದಲು ತಂದ ರಾಜ್ಯ ನಮ್ಮದು, ಅದರ ಬಗ್ಗೆ ಇಲಾಖೆಯವರಿಗೆಲ್ಲ ಒಂದು ಹೆಮ್ಮೆ ಇತ್ತು. ಈಗ ಎರಡೂ ಕಡೆ ಗೆರೆ ಮುಟ್ಟುವುದಕ್ಕೆ ಕೂದಲೆಳೆ ಬಿಟ್ಟು ನಿಂತಿದ್ದೇವೆ. ಮೂವತ್ತೈದಕ್ಕೆ ಪಾಸಾಗುವ ಪರೀಕ್ಷೆಯಲ್ಲಿ ಎರಡು ವಿಷಯಕ್ಕೂ ಸರಿಯಾಗಿ ಮೂವತ್ತೈದೇ ಬಂದರೆ ಮೇಷ್ಟ್ರು ಉತ್ತರಪತ್ರಿಕೆಯನ್ನು ಇನ್ನೊಂದು ಸಲ ತಿರುವಿ ನೋಡುತ್ತಾರೆ. ನಾನೂ ತಿರುವಿ ನೋಡಿದೆ.

ತಿರುವಿದರೆ ಸಿಗುವುದು ಒಂದು ಸಣ್ಣ ಸಂಗತಿ. ಅರ್ಥ ಇಲಾಖೆಯವರಿಗೆ ಹೊಸದಲ್ಲ, ಟೀ ಅಂಗಡಿಯವರಿಗೆ ಗೊತ್ತಿರಲಿಕ್ಕಿಲ್ಲ. ಸರ್ಕಾರದ ಲೆಕ್ಕ ನಗದು ಲೆಕ್ಕ. ಹಣ ಖಜಾನೆಯಿಂದ ಹೊರಗೆ ಹೋದ ದಿನ ಅದು ಖರ್ಚು. ಕೆಲಸ ಮುಗಿದಿರಲಿ, ಎಂಜಿನಿಯರು ಅಳತೆ ಪುಸ್ತಕ ಬರೆದಿರಲಿ, ಬಿಲ್ಲು ಮೇಜಿನ ಮೇಲೆ ಕೂತಿರಲಿ, ಹಣ ಹೋಗದಿದ್ದರೆ ಅದು ಖರ್ಚೂ ಅಲ್ಲ, ಕೊರತೆಯೂ ಅಲ್ಲ, ಸಾಲವೂ ಅಲ್ಲ. ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಸಿ ಸಾಮಾನು ತಂದು, ಮನೆಯ ಜಮಾಖರ್ಚಿನಲ್ಲಿ ಅದನ್ನು ಬರೆಯದೇ, 'ಈ ತಿಂಗಳು ಉಳಿತಾಯ' ಅಂದ ಹಾಗೆ. ಬ್ಯಾಂಕಿನಿಂದ ತಂದ ಸಾಲಕ್ಕೆ ಲೆಕ್ಕ ಇದೆ, ಬಡ್ಡಿ ಇದೆ, ಅದನ್ನು ಕಾಯಲು ಕಾಯ್ದೆಯೂ ಇದೆ. ಸೆಂಟ್ರಿಂಗ್ ಹುಡುಗನಿಂದ ತಂದ ಸಾಲಕ್ಕೆ ಯಾವುದೂ ಇಲ್ಲ.

ಹಣ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಒಳಗಿದ್ದವನಾಗಿ ಹೇಳುತ್ತೇನೆ. ಬಜೆಟ್ಟಿನಲ್ಲಿ ಒದಗಿಸಿದ್ದು ಒಂದು, ಬಿಡುಗಡೆಯಾದದ್ದು ಇನ್ನೊಂದು, ಖರ್ಚಾದದ್ದು ಮತ್ತೊಂದು. ಟಿವಿಯಲ್ಲಿ ಬರುವುದು ಮೊದಲನೆಯದು. ಎರಡನೆಯದು ಕಂತಿನಲ್ಲಿ ಬರುತ್ತದೆ, ಬಾರದೆಯೂ ಇರುತ್ತದೆ. ನೀರಾವರಿ, ಲೋಕೋಪಯೋಗಿಯವರಿಗಾದರೆ ಹಣ ಬಿಡಿಸಿಕೊಳ್ಳುವ ಅನುಮತಿ ಪತ್ರವಾದ ಎಲ್‌ಓಸಿ ಬರಬೇಕು, ಬರುವವರೆಗೆ ಕಂಟ್ರಾಕ್ಟರು ಬೆಂಗಳೂರಿಗೆ ಓಡಾಡಬೇಕು. ಇನ್ನು 'ಮೌಖಿಕ ಸೂಚನೆ' ಅಂತ ಒಂದಿದೆ. ನಾನಿದ್ದ ಒಂದು ಕಚೇರಿಯಲ್ಲಿ, ಬೇರೆ ಪಕ್ಷ ಅಧಿಕಾರದಲ್ಲಿದ್ದ ಕಾಲದಲ್ಲಿ, ಫೆಬ್ರವರಿ ಬಂತೆಂದರೆ ಫೋನ್ ಬರುತ್ತಿತ್ತು: ಇಂಥಿಂಥ ಲೆಕ್ಕಶೀರ್ಷಿಕೆಯ ಬಿಲ್ಲು ಸ್ವಲ್ಪ ನಿಧಾನ ಮಾಡಿ. ಬರವಣಿಗೆಯಲ್ಲಿ ಕೊಡಿ ಅಂದರೆ ಆ ಕಡೆ ನಗು. ನಿಧಾನ ಮಾಡಲು ನಮ್ಮ ಹತ್ತಿರ ಇದ್ದ ಉಪಾಯ ಆಕ್ಷೇಪಣೆ. ಸಹಿ ಸ್ಪಷ್ಟವಾಗಿಲ್ಲ, ಮೊಹರು ಓರೆಯಾಗಿದೆ. ಈ ಕೈಯಿಂದಲೇ ಬರೆದಿದ್ದೇನೆ, ಬರೆದದ್ದಕ್ಕೆ ಈಗ ನಾಚಿಕೆಯಿದೆ. ನಮ್ಮ ಗಡಿ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಎಂದು, ತೆಲುಗಿನವರು 'ರೇಪು ರಾ' ಎಂದು ಬರೆಯುತ್ತಿದ್ದರಲ್ಲ, ಹಾಗೆ. ದೆವ್ವ ಓದಿಕೊಂಡು ಹಿಂದಕ್ಕೆ ಹೋಗುತ್ತಿತ್ತಂತೆ. ಕಂಟ್ರಾಕ್ಟರೂ ಹೋಗುತ್ತಿದ್ದ, ಮಾರನೇ ದಿನ ಮತ್ತೆ ಬರುತ್ತಿದ್ದ.

ಎಲ್ಲರಿಗೂ 'ನಾಳೆ ಬಾ' ಅನ್ನುವುದಿಲ್ಲ, ವಿಷಯ ಇರುವುದು ಅಲ್ಲಿ. ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಬಹುದಾದದ್ದು ಕೂಗಾಡುವ ಶಕ್ತಿ ಇಲ್ಲದವರದ್ದು. ನಮ್ಮ ಚಿಕ್ಕಪ್ಪನ ಸೊಸೆ ಎರಡು ಹಸು ಕಟ್ಟಿದ್ದಾಳೆ, ದಿನಕ್ಕೆ ಹದಿನಾಲ್ಕು ಲೀಟರು ಡೇರಿಗೆ ಹಾಕುತ್ತಾಳೆ. ಡೇರಿಯ ಬಟವಾಡೆ ಹೊತ್ತಿಗೆ ಸರಿಯಾಗಿ ಆಗುತ್ತದೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ ಐದು ರೂಪಾಯಿ, ಅವಳ ಲೆಕ್ಕಕ್ಕೆ ತಿಂಗಳಿಗೆ 2,100. ಅದು ಮಾತ್ರ ಯಾವ ತಿಂಗಳದ್ದು ಯಾವಾಗ ಬರುತ್ತದೋ ಬಲ್ಲವರಿಲ್ಲ. ಅವಳು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಬಾಕಿ ಬರೆದಿಟ್ಟಿದ್ದಾಳೆ. ಬೂಸಾ ಅಂಗಡಿಯವನು 'ನಾಳೆ ಬಾ' ಅಂದರೆ ಕೇಳುವುದಿಲ್ಲ.

ಗೃಹಲಕ್ಷ್ಮಿಯದ್ದೂ ಹಾಗೇ ಆಯಿತು. ಕಳೆದ ಫೆಬ್ರವರಿ, ಮಾರ್ಚ್ ಕಂತು ಬಂದಿಲ್ಲ ಅಂತ ನಮ್ಮ ಊರಿನ ಹೆಂಗಸರು ತಿಂಗಳುಗಟ್ಟಲೆ ಹೇಳುತ್ತಲೇ ಇದ್ದರು. ಬ್ಯಾಂಕಿನವರು ಆಧಾರ್ ನೋಡಿ ಅಂದರು, ಅಂಗನವಾಡಿಯವರು ಇ-ಕೆವೈಸಿ ನೋಡಿ ಅಂದರು. ಬೆಳಗಾವಿಯ ಸದನದಲ್ಲಿ ಮೊದಲು ಎಲ್ಲ ಪಾವತಿಯಾಗಿದೆ ಎಂಬ ಉತ್ತರ ಬಂತು, ಆಮೇಲೆ ಆ ಎರಡು ತಿಂಗಳದ್ದು ಆಗಿಲ್ಲ ಎಂದು ಮಂತ್ರಿಗಳು ಒಪ್ಪಿಕೊಂಡು ವಿಷಾದ ಹೇಳಿದರು. ಒಪ್ಪಿಕೊಂಡದ್ದು ದೊಡ್ಡತನ, ಬೇಡ ಅನ್ನುವುದಿಲ್ಲ. ಆದರೆ ಸುಮಾರು 1.2 ಕೋಟಿ ಹೆಂಗಸರು, ತಲೆಗೆ ಎರಡು ಸಾವಿರ, ಎರಡು ತಿಂಗಳು: ಐದು ಸಾವಿರ ಕೋಟಿಯ ಹತ್ತಿರ ಹತ್ತಿರದ ಮೊತ್ತ. ಅಷ್ಟು ದೊಡ್ಡ ಹಣ ಹೋಗಿದೆಯೋ ಇಲ್ಲವೋ ಎಂಬುದು ಮಂತ್ರಿಗಳಿಗೇ ಸದನದಲ್ಲಿ ನಿಂತ ಹೊತ್ತಿನಲ್ಲಿ ಖಚಿತವಿರಲಿಲ್ಲ, ನಮ್ಮ ಪಕ್ಕದ ಮನೆಯ ಮುನಿಯಮ್ಮನಿಗೆ ಖಚಿತವಿತ್ತು.

ಗ್ಯಾರಂಟಿ ಬೇಡ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಮುಳಬಾಗಿಲಿನಿಂದ ಕೋಲಾರದ ಮನೆಗೆಲಸಕ್ಕೆ ಹೋಗುವವಳು ಶಕ್ತಿ ಬಂದ ಮೇಲೆ ತಿಂಗಳಿಗೆ ಎಷ್ಟು ಉಳಿಸಿದಳು ಎನ್ನುವುದು ಬಸ್ಸಿನಲ್ಲಿ ಕೂತರೆ ಕಿವಿಗೆ ಬೀಳುತ್ತದೆ. ಈ ವರ್ಷ ಐದೂ ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ, ಬಜೆಟ್ಟಿನ ಎಂಟನೇ ಒಂದು ಭಾಗ. ಅದನ್ನು ಪೋಲು ಅನ್ನಲು ನನ್ನ ಬಾಯಿ ಬರುವುದಿಲ್ಲ. ನನ್ನ ತಕರಾರು ಬೇರೆ. ಕೊಡುತ್ತೇನೆಂದ ಮೇಲೆ ತಾರೀಕಿಗೆ ಕೊಡಬೇಕು. ಕೊಡುವುದಕ್ಕಾಗಿ ಇನ್ನೊಬ್ಬ ಬಡವನ ತಟ್ಟೆಯಿಂದ ತೆಗೆಯಬಾರದು. ಪರಿಶಿಷ್ಟರ ಉಪಯೋಜನೆಯ ದುಡ್ಡಿನಲ್ಲಿ ಸುಮಾರು 14,000 ಕೋಟಿಯನ್ನು 2024-25ರಲ್ಲಿ ಗ್ಯಾರಂಟಿಗಳಿಗೆ ಲೆಕ್ಕ ಹಾಕಿದಿರಿ. ಆ ದುಡ್ಡು ಪರಿಶಿಷ್ಟರಿಗೇ ಖರ್ಚಾಗಲಿ ಎಂಬ ಕಾಯ್ದೆಯನ್ನು 2013ರಲ್ಲಿ ತಂದವರೂ ತಾವೇ. ನೂರಕ್ಕೆ ಮೂವತ್ತು ಜನ ಪರಿಶಿಷ್ಟ ಜಾತಿಯವರಿರುವ ಈ ಜಿಲ್ಲೆಯಲ್ಲಿ ಕೂತು ಅದನ್ನು ಓದಿದಾಗ, ಕಾಯ್ದೆ ಮಾಡಿದ ಕೈ ಯಾವುದು, ಸಡಿಲ ಮಾಡಿದ ಕೈ ಯಾವುದು ಎಂದು ತಿಳಿಯದೆ ಹೋಯಿತು.

2023-24ರ ಲೆಕ್ಕ ನೋಡಿದ ಮಹಾಲೇಖಪಾಲರ (ಸಿಎಜಿ) ವರದಿಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಆ ವರ್ಷ ರಾಜಸ್ವ ಕೊರತೆ 9,271 ಕೋಟಿ, ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ 5,229 ಕೋಟಿ ಕಡಿಮೆ. ಬಂಡವಾಳ ವೆಚ್ಚ ಎಂದರೆ ಇಲ್ಲಿ ರಸ್ತೆ, ಕಾಲುವೆ, ಪೈಪು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಮುಖ್ಯವಾಗಿ ಪೈಪು.

ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ತಾವು ಶಂಕುಸ್ಥಾಪನೆ ಮಾಡಿದ್ದು 2014ರ ಮಾರ್ಚಿನಲ್ಲಿ. ಯೋಜನೆಗೆ ಮೊದಲು ಹಾಕಿದ ಅಂದಾಜು 8,323 ಕೋಟಿ, ಆಮೇಲೆ 12,912 ಕೋಟಿ, ಈಗ 23,251 ಕೋಟಿ. ಸಕಲೇಶಪುರದ ಕಡೆ ಮೊದಲ ಹಂತದ ಪಂಪು ತಿರುಗಿದ್ದು 2024ರ ಸೆಪ್ಟೆಂಬರಿನ ಗೌರಿ ಹಬ್ಬದ ದಿನ. ನೀರು ನಮ್ಮ ಕೆರೆಗೆ ಬಂದಿಲ್ಲ. ಕೊರಟಗೆರೆ, ದೊಡ್ಡಬಳ್ಳಾಪುರದ ರೈತರ ಜಮೀನಿಗೆ ಒಂದೇ ದರದ ಪರಿಹಾರ ಕೊಡುವ ವಿಷಯದಲ್ಲೇ ಅದೇ ಯೋಜನೆಯ ಬೈರಗೊಂಡ್ಲು ಜಲಾಶಯ ವರ್ಷಗಟ್ಟಲೆ ಕೂತಿತು. ಇಂಥ ತಡಕ್ಕೆ ಬೆಲೆ ಇದೆ, ಅಂದಾಜು ಮೂರು ಪಟ್ಟು ಹತ್ತಿರ ಹೋದದ್ದೇ ಆ ಬೆಲೆ. ಇಷ್ಟು ಸರ್ಕಾರಗಳು ಬದಲಾದರೂ ಇದು ಯಾರ ಸೋಲು ಎಂದು ಯಾರ ಹೆಸರಿಗೂ ಬರೆಯಲಿಲ್ಲ. ನಡುವೆ ನಮ್ಮ ಪಾಲಿಗೆ ಬಂದದ್ದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆ.ಸಿ. ವ್ಯಾಲಿ. 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಅದು ಬಿದ್ದ ದಿನ ನೋಡಲು ಹೋಗಿದ್ದೆ. ಕೊಳವೆಬಾವಿಗಳು ಮತ್ತೆ ಉಸಿರಾಡಿದವು, ಸುಳ್ಳು ಹೇಳಲಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಶಾಶ್ವತ ನೀರಾವರಿ ಹೋರಾಟದವರು ಅಂದಿನಿಂದ ಕೇಳುತ್ತಿದ್ದಾರೆ. ಈ ವರ್ಷ ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ಸಂಪುಟ ಸಭೆ ನಡೆಯಿತಲ್ಲ, ನಮ್ಮವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬಾಗೇಪಲ್ಲಿಗೆ ಭಾಗ್ಯನಗರ ಎಂದು ಹೆಸರಾಯಿತು.

ಹಾಗೆಂದು ಸರ್ಕಾರ ಕೈಲಾಗದ್ದೂ ಅಲ್ಲ, ನನ್ನ ಕೋಪ ಹೆಚ್ಚುವುದು ಅದಕ್ಕೇ. ಕಳೆದ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕ್ಕೆ ಬಿತ್ತು, ಚಿತ್ತೂರು ಜಿಲ್ಲೆಯವರು ನಮ್ಮ ಹಣ್ಣು ಒಳಗೆ ಬಿಡುವುದಿಲ್ಲ ಎಂದು ಆದೇಶ ಹೊರಡಿಸಿದರು, ಶ್ರೀನಿವಾಸಪುರದಲ್ಲಿ ರಸ್ತೆಗೆ ಹಣ್ಣು ಸುರಿದರು. ಆಗ ತಾವು ಆಂಧ್ರದ ಮುಖ್ಯಮಂತ್ರಿಗೂ ದೆಹಲಿಗೂ ಬರೆದಿರಿ. ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಎರಡೂವರೆ ಲಕ್ಷ ಟನ್ನಿಗೆ ಬೆಲೆ ವ್ಯತ್ಯಾಸ ಕೊಡಲು, ಅರ್ಧ ಅವರು ಅರ್ಧ ನಾವು ಎಂದು, ಕೇಂದ್ರವೂ ಒಪ್ಪಿತು. ಬೇರೆ ಬೇರೆ ಪಕ್ಷದ ಎರಡು ಸರ್ಕಾರಗಳು ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನನ್ನ ತೋಪಿನಲ್ಲಿ ನಿಂತು ನೋಡಿದ್ದೇನೆ. ಮನಸ್ಸು ಮಾಡಿದರೆ ವಾರಗಳಲ್ಲಿ ಆಗುತ್ತದೆ.

ದೆಹಲಿ ಕೊಡುವುದಿಲ್ಲ ಎಂಬ ತಮ್ಮ ದೂರು ನನ್ನದೂ ಹೌದು. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿತು. ಅದೇ ಆಯೋಗ ಹೇಳಿದ 5,495 ಕೋಟಿ ವಿಶೇಷ ಅನುದಾನ ಬರಲಿಲ್ಲ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಓದಿದ 5,300 ಕೋಟಿಗೆ ತುಮಕೂರು, ಚಿತ್ರದುರ್ಗದವರು ಇನ್ನೂ ದಾರಿ ಕಾಯುತ್ತಿದ್ದಾರೆ. ಜಂತರ್‌ಮಂತರ್‌ನಲ್ಲಿ ತಾವು ಧರಣಿ ಕೂತದ್ದು ಸರಿ. ಆದರೆ ದೆಹಲಿ ನಮಗೆ 'ನಾಳೆ ಬಾ' ಅಂದದ್ದಕ್ಕೆ ನಾವು ಡೇರಿಯ ಹೆಂಗಸಿಗೆ 'ನಾಳೆ ಬಾ' ಅನ್ನುವುದೇ?

ಇನ್ನು ರಾಜಕೀಯ. 2023ರಲ್ಲಿ ಜನ 135 ಸ್ಥಾನ ಕೊಟ್ಟದ್ದು ಕುರ್ಚಿಯ ಮಾತು ಆಡುವ ಅಗತ್ಯವೇ ಬಾರದಿರಲಿ ಎಂದು. ಎರಡೂವರೆ ವರ್ಷ ತುಂಬಿದ ನವೆಂಬರಿನಿಂದ ಪತ್ರಿಕೆ ತೆರೆದರೆ ಅದೇ ಮಾತು. ನವೆಂಬರ್ 29ಕ್ಕೆ ತಮ್ಮ ಮನೆಯಲ್ಲಿ ಉಪಾಹಾರ, ಡಿಸೆಂಬರ್ 2ಕ್ಕೆ ಉಪಮುಖ್ಯಮಂತ್ರಿಗಳ ಮನೆಯಲ್ಲಿ ಇಡ್ಲಿ, ನಾಟಿಕೋಳಿ ಸಾರು. (ನಾಟಿಕೋಳಿ ಸಾರಿಗೆ ಮುದ್ದೆ ಬಿಟ್ಟು ಇಡ್ಲಿ! ನಮ್ಮ ಕಡೆ ಇದನ್ನೇ ದೊಡ್ಡ ಆಡಳಿತ ವೈಫಲ್ಯ ಎಂದು ಮಾತಾಡಿಕೊಂಡರು.) ನಗುವ ಮಾತು ಹಾಗಿರಲಿ, ಇದರ ಖರ್ಚು ತಮಗೆ ಬೆಂಗಳೂರಿನಲ್ಲಿ ಕಾಣುವುದಿಲ್ಲ. ಯಜಮಾನ ಯಾರು ಎಂಬ ಅನುಮಾನ ಬಂದ ದಿನದಿಂದ ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕುತ್ತಾನೆ. ಹೊಸಬರು ಬಂದರೆ ಬೇರೆ ತರಹ ಬೇಕೆಂದರೇನು ಗತಿ? ಕಡತ 'ಚರ್ಚಿಸಿ' ಎಂಬ ಷರಾ ಹೊತ್ತು ಹಿಂದಕ್ಕೆ ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ಹತ್ತಕ್ಕೂ ಹೆಚ್ಚು ಮುಖ್ಯಮಂತ್ರಿಗಳ ಕೆಳಗೆ ಕೆಲಸ ಮಾಡಿದವನು ನಾನು, ಆ ಷರಾದ ಅರ್ಥ ಗೊತ್ತು.

ವಿರೋಧ ಪಕ್ಷದವರೂ ಇದನ್ನು ಓದಿ ಖುಷಿಪಡುವುದು ಬೇಡ. ಮಾರ್ಚ್ 21ರಂದು ಸದನದಲ್ಲಿ ಕಾಗದ ಹರಿದು ತೂರಿ, ಹದಿನೆಂಟು ಜನ ಆರು ತಿಂಗಳು ಅಮಾನತಾಗಿ, ಮಾರ್ಷಲ್‌ಗಳ ತೋಳಿನಲ್ಲಿ ಹೊರಗೆ ಹೋದರು. ಅದೇ ದಿನ ಅದೇ ಗದ್ದಲದಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿತು. ಚರ್ಚೆಯಿಲ್ಲ, ಆಕ್ಷೇಪಣೆಯಿಲ್ಲ, 'ಮೊಹರು ಓರೆಯಾಗಿದೆ' ಎಂದವರಿಲ್ಲ. ನಾಲ್ಕು ಲಕ್ಷ ಕೋಟಿಯ ಬಜೆಟ್ಟಿನ ಮೇಲೆ ಸಾಲುಸಾಲಾಗಿ ಪ್ರಶ್ನೆ ಕೇಳಬೇಕಾದ ಅಧಿವೇಶನ ಅದು.

ಈಗ ನನಗೆ ನಿಜವಾಗಿ ಸೋಲು ಅನಿಸಿದ ವಿಷಯಕ್ಕೆ ಬರುತ್ತೇನೆ. ಅದು ಬಜೆಟ್ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಐದು ವರ್ಷ ಮುಗಿಯುವ ಮುನ್ನ ಚುನಾವಣೆ ಆಗಲೇಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗ ಮಾಡಿತು, ತಾವು ಬಂದಿರಿ, ಮೀಸಲಾತಿ ಪಟ್ಟಿ ಎಂದಿರಿ, ಕೋರ್ಟು ಎಂದಿರಿ. ನೋಡನೋಡುತ್ತ ಚುನಾಯಿತರಿಲ್ಲದೆ ಇನ್ನೊಂದು ಇಡೀ ಅವಧಿಯೇ ಮುಗಿಯುತ್ತ ಬಂದಿದೆ. 2020ರ ಡಿಸೆಂಬರಿನಲ್ಲಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯರ ಅವಧಿಯೂ ಇನ್ನೇನು ತೀರುತ್ತದೆ. ಅಲ್ಲಿಗೆ ಹಳ್ಳಿಯಿಂದ ಜಿಲ್ಲೆಯವರೆಗೆ ಆಡಳಿತಾಧಿಕಾರಿಗಳದ್ದೇ ರಾಜ್ಯಭಾರ. ಚುನಾಯಿತ ಪಂಚಾಯಿತಿ ಇಲ್ಲದಿದ್ದರೆ ಹಣಕಾಸು ಆಯೋಗದ ಅನುದಾನವೂ ಇಲ್ಲ ಎಂಬುದು ಷರತ್ತು. ದೆಹಲಿ ಕೊಡುವುದಿಲ್ಲ ಎಂದು ಕೂಗುವ ನಾವು, ಕೊಡಬಹುದಾದದ್ದನ್ನು ನಮ್ಮ ಕೈಯಾರೆ ಬಿಟ್ಟುಕೊಂಡೆವು.

ಯಾವ ರಾಜ್ಯದಲ್ಲಿ ಇದು? 1983ರ ಕಾಯ್ದೆ ಮಾಡಿ, 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿ, ಅದರ ಅಧ್ಯಕ್ಷನಿಗೆ ರಾಜ್ಯ ಮಂತ್ರಿಯ ದರ್ಜೆ ಕೊಟ್ಟು ದೇಶಕ್ಕೇ ದಾರಿ ತೋರಿಸಿದ ರಾಜ್ಯದಲ್ಲಿ. ಹೆಗಡೆಯವರ, ನೀರ್‌ಸಾಬ್ ನಜೀರ್ ಸಾಬರ ಆ ಕಾಲದ ಸದನದಲ್ಲಿ ತಾವೂ ಇದ್ದಿರಿ. ಅದಕ್ಕೂ ಮೊದಲು, 1978ರಲ್ಲಿ, ವಕೀಲಿಕೆ ಮಾಡುತ್ತಿದ್ದ ಹಳ್ಳಿ ಹುಡುಗನೊಬ್ಬ ಮೈಸೂರಿನ ತಾಲ್ಲೂಕು ಬೋರ್ಡಿಗೆ ಗೆದ್ದು ರಾಜಕೀಯಕ್ಕೆ ಕಾಲಿಟ್ಟ. ಅವನು ಇವತ್ತು ಹದಿನಾರು ಬಜೆಟ್ ಮಂಡಿಸಿದ ಮುಖ್ಯಮಂತ್ರಿ. ನಮ್ಮ ತಾಲ್ಲೂಕಿನಲ್ಲಿ ಅಂಥ ಹುಡುಗ ಈಗ ಇದ್ದರೆ ಅವನು ನಿಲ್ಲಲು ಚುನಾವಣೆಯೇ ಇಲ್ಲ, ಸ್ವಾಮಿ.

ಇಷ್ಟು ಹೇಳಿದ ಮೇಲೆ ಕೆಲವರು 356ನೇ ವಿಧಿ, ಅಂದರೆ ರಾಷ್ಟ್ರಪತಿ ಆಳ್ವಿಕೆ ಎನ್ನುತ್ತಾರೆ. ಅದನ್ನು ಕೇಳಿದರೆ ನನಗೆ 1989ರ ಏಪ್ರಿಲ್ ನೆನಪಾಗುತ್ತದೆ. ಸದನದಲ್ಲಿ ಬಹುಮತ ತೋರಿಸುತ್ತೇನೆಂದ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಅವಕಾಶ ಕೊಡದೆ ಸರ್ಕಾರ ವಜಾ ಮಾಡಿದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದು ತಪ್ಪೆಂದಿತು. ಕೆಟ್ಟ ಆಡಳಿತಕ್ಕೂ ಸಂವಿಧಾನದ ಯಂತ್ರ ಮುರಿಯುವುದಕ್ಕೂ ವ್ಯತ್ಯಾಸವಿದೆ, ಅದನ್ನು ದೇಶಕ್ಕೆ ಕಲಿಸಿದ್ದು ನಮ್ಮ ರಾಜ್ಯದ ಮೊಕದ್ದಮೆ. ತಮ್ಮನ್ನು ತೆಗೆಯುವ ಹಕ್ಕು ರಾಜಭವನಕ್ಕಿಲ್ಲ, ಟಿವಿ ಸ್ಟುಡಿಯೋಗೂ ಇಲ್ಲ. 2028ರಲ್ಲಿ ನಾವು ನೋಡಿಕೊಳ್ಳುತ್ತೇವೆ.

ಅಲ್ಲಿಯವರೆಗೆ ನನ್ನದು ಎರಡೇ ಕೋರಿಕೆ. ಬರುವ ಬಜೆಟ್ಟಿನ ಜೊತೆ ಒಂದು ಬಾಕಿ ಪಟ್ಟಿ ಲಗತ್ತಿಸಿ. ಮುಗಿದ ಕೆಲಸಕ್ಕೆ ಕೊಡದ ಬಿಲ್ಲು ಎಷ್ಟು, ಹಾಲಿನ ಪ್ರೋತ್ಸಾಹಧನ ಯಾವ ತಿಂಗಳಿಂದ ನಿಂತಿದೆ, ಸಾರಿಗೆ ನಿಗಮಗಳಿಗೆ ಶಕ್ತಿಯ ಹಣ ಎಷ್ಟು ಬರಬೇಕು, ಗೃಹಲಕ್ಷ್ಮಿಯ ಯಾವ ಕಂತು ಉಳಿದಿದೆ, ಇಲಾಖಾವಾರು, ಜಿಲ್ಲಾವಾರು. ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ ಖಜಾನೆ-2ರಲ್ಲಿ ಪ್ರತಿ ಬಿಲ್ಲಿನ ಜಾತಕ ಇದೆ, ಎಲ್‌ಓಸಿಗೆ ಕಾದವುಗಳ ಪಟ್ಟಿ ವಿಭಾಗ ಕಚೇರಿಗಳಲ್ಲಿದೆ. ಕೂಡಿಸಲು ನನ್ನಂಥ ನಾಲ್ಕು ಜನ ಮುದುಕರನ್ನು ಕೂರಿಸಿದರೂ ಸಾಕು, ಭತ್ಯೆ ಕೇಳುವುದಿಲ್ಲ. ಆ ಮೊತ್ತ ಸೇರಿಸಿದ ಮೇಲೂ ಕೊರತೆ ಮೂರರ ಒಳಗೇ ಇದ್ದರೆ ಟೀ ಅಂಗಡಿಯಲ್ಲಿ ಎದ್ದು ನಿಂತು ತಮ್ಮ ಪರ ವಾದಿಸುತ್ತೇನೆ. ಮೀರಿದರೆ ಮೀರಿದೆ ಎಂದೇ ಬರೆಯಿರಿ. ಎರಡನೆಯದು, ಅದೇ ಭಾಷಣದಲ್ಲಿ ಪಂಚಾಯಿತಿ ಚುನಾವಣೆಯ ತಾರೀಕು ಓದಿ. 'ಶೀಘ್ರದಲ್ಲೇ' ಎಂಬ ಪದ ಬೇಡ, ತಾರೀಕು ಬೇಕು.

ಸೆಂಟ್ರಿಂಗ್ ಹುಡುಗ ನಿನ್ನೆ ಮತ್ತೆ ಸಿಕ್ಕಿದ್ದ. ಯಜಮಾನ ಬೆಂಗಳೂರಿಗೆ ಹೋಗಿದ್ದಾನಂತೆ, ಎಲ್‌ಓಸಿ ಬರುವ ಸುದ್ದಿ ಇದೆಯಂತೆ. "ಯಾವಾಗಂತೆ?" ಎಂದು ಕೇಳಿದೆ. "ನಾಳೆ ಬನ್ನಿ ಅಂದಿದಾರಂತೆ ಸಾರ್" ಅಂದ.

ಇಂತಿ ತಮ್ಮ ವಿಶ್ವಾಸಿ,
ಖಜಾನೆ ಇಲಾಖೆಯ ಒಬ್ಬ ನಿವೃತ್ತ ನೌಕರ